ಸೆಂಟ್ರಿಂಗ್ ಬಿಚ್ಚಿದ ಮೇಲೆ ಮೋಲ್ಡ್ (ಕಾಂಕ್ರೀಟ್ ಛಾವಣಿ) ತಳದಲ್ಲಿ ಜಲ್ಲಿ, ಕಂಬಿ ಕಾಣ್ತಿದೆ. ಕಂಟ್ರಾಕ್ಟರ್ ಪ್ಲಾಸ್ಟರ್ ಮಾಡಿ ಮುಚ್ತೀನಿ, ಮುಂದಿನ ಕಂತು ಕೊಡಿ ಅಂತಾರೆ: ಪ್ರತಿಕ್ರಿಯೆ

ವೈಬ್ರೇಟರ್ ಸರಿಯಾಗಿ ಹಾಕಿಲ್ಲ, ಇಲ್ಲವೇ ಶೀಟಿನ ಸಂದಿಯಲ್ಲಿ ಸಿಮೆಂಟ್ ಹಾಲು ಸೋರಿ ಬರೀ ಜಲ್ಲಿ ಉಳಿದಿದೆ. ಕಂಬಿ ಕಾಣ್ತಿದೆ ಅಂದರೆ ಕಂಬಿ ತಳಕ್ಕೆ ತಾಗದಂತೆ ಅಡಿಗಿಡುವ ಕವರ್ ಬ್ಲಾಕ್ ಕೂಡ ಇಟ್ಟಿಲ್ಲದಿರಬಹುದು. ಯಾವುದು ಅಂತ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ಪ್ಲಾಸ್ಟರ್ ನಿಲ್ಲಿಸಿ. ಮುಚ್ಚಿದ ಮೇಲೆ ಯಾರಿಗೂ ಏನೂ ಕಾಣಲ್ಲ, ಅವರಿಗೆ ಬೇಕಿರುವುದೂ ಅದೇ ಅಲ್ವಾ? ಟೇಪ್ ಹಿಡಿದು ಫೋಟೋ ತೆಗೆಯಿರಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೀಮ್ ಅಥವಾ ಪಿಲ್ಲರ್ ಸೇರುವ ಜಾಗದಲ್ಲಿದ್ದರೆ ಅಲ್ಲಿಗೆ ಮತ್ತೆ ಜಾಕಿ (ಆಸರೆ ಕಂಬ) ಕೊಡಿಸಿ. ಮೇಲೆ ಇಟ್ಟಿಗೆ, ಮರಳು ಪೇರಿಸಬೇಡಿ.

ಆಮೇಲೆ ಕಂಟ್ರಾಕ್ಟರ್ ಕಡೆಯವರಲ್ಲದ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಕಾಂಕ್ರೀಟ್ ಮೇಲೆ ಒತ್ತಿ ಗಟ್ಟಿತನ ಅಳೆಯುವ ರೀಬೌಂಡ್ ಹ್ಯಾಮರ್ ಕೊಡುವುದು ಅಂದಾಜು ಮಾತ್ರ. ಅನುಮಾನ ಜಾಸ್ತಿ ಇದ್ದರೆ ಕೋರ್ (ಕಾಂಕ್ರೀಟ್ ಕೊರೆದು ತೆಗೆದ ತುಂಡು) ತೆಗೆಸಿ ಪರೀಕ್ಷಿಸಬೇಕು. ಕಾಂಕ್ರೀಟ್‌ನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕೋರ್‌ಗಳ ಸರಾಸರಿ ಬಲ ನಿಮ್ಮ ಕಾಂಕ್ರೀಟ್ ಗ್ರೇಡಿಗೆ ನಿಗದಿಯಾದ ಬಲದ ಕನಿಷ್ಠ 85% ಇರಬೇಕು, ಯಾವ ಕೋರೂ 75%ಗಿಂತ ಕೆಳಗಿರಬಾರದು.

ದೋಷ ಮೇಲ್ಮೇಲೆ ಇದ್ದರೆ ಸಡಿಲ ಜಲ್ಲಿ ಕೆತ್ತಿ, ಕಂಬಿ ಉಜ್ಜಿ, ಪಾಲಿಮರ್ ಗಾರೆ ತುಂಬಿದರೆ ಸಾಕು. ಕಂಬಿಯ ಹಿಂದಕ್ಕೂ ಟೊಳ್ಳಿದ್ದರೆ ಮೈಕ್ರೋ ಕಾಂಕ್ರೀಟ್ (ಸಣ್ಣ ಜಲ್ಲಿಯ ರಿಪೇರಿ ಕಾಂಕ್ರೀಟ್) ಅಥವಾ ಗ್ರೌಟಿಂಗ್ (ಟೊಳ್ಳಿನೊಳಗೆ ತೆಳು ಮಿಶ್ರಣ ತುಂಬುವುದು) ಬೇಕಾಗುತ್ತದೆ. ಸುಮ್ನೆ ಎಂ-ಸ್ಯಾಂಡ್ ಗಾರೆ ಬಳಿಯಲು ಬಿಡಬೇಡಿ.

ವರದಿ ಬರುವವರೆಗೆ ಕಂತು ತಡೆಯಿರಿ, ಕಾರಣವನ್ನು ವಾಟ್ಸಾಪ್‌ನಲ್ಲಿ ಬರೆದೇ ಕಳಿಸಿ. ಸಾಮಾನು ನಿಮ್ಮದಾಗಿದ್ದರೆ ತಪ್ಪನ್ನು ಸಿಮೆಂಟ್ ಮೇಲೆ ಹಾಕುತ್ತಾರೆ, ಬಿಲ್ ಜೋಪಾನ. ರಿಪೇರಿಗೆ ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು.