ಕಾರ್ಮನ್ ಘಿಯಾದ ಕ್ಲಚ್ ಕೇಬಲ್ ಪದೇ ಪದೇ ಸಡಿಲ ಆಗ್ತಿದೆ, ಎಷ್ಟು ಬಿಗಿ ಮಾಡಬೇಕು?

ಬಿಗಿ ಮಾಡಿಸುವುದನ್ನು ಇವತ್ತೇ ನಿಲ್ಲಿಸಿ. ಎಷ್ಟು ಅನ್ನುವುದು ಆಮೇಲಿನ ಮಾತು.

ಮಾವ ಕೊಟ್ಟ ಫೋಕ್ಸ್‌ವ್ಯಾಗನ್ ಕಾರ್ಮನ್ ಘಿಯಾ ಕಾರು, ರಿವರ್ಸ್ ಹಾಕುವಾಗ ಕರಕರ ಶಬ್ದ, ಮಂಗಳೂರಿನ ಮೆಕ್ಯಾನಿಕ್ ಕೇಬಲ್ ಬಿಗಿ ಮಾಡಿದರೆ ಸ್ವಲ್ಪ ದಿನ ಸರಿ, ಮತ್ತೆ ಅದೇ ಕಥೆ. ಕೇಬಲ್ ಬದಲು ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಹಾಕಿಸಿಬಿಡಲೇ ಅಂತಲೂ ಕೇಳಿದ್ದೀರಿ. ನನ್ನ ಹತ್ತಿರ ಇರುವುದು ಫೋಕ್ಸ್‌ವ್ಯಾಗನ್ ಬೀಟಲ್. ಆದರೆ ನಿಮ್ಮ ಕಾರಿಗೂ ನನ್ನ ಕಾರಿಗೂ ಮುಖ್ಯ ವ್ಯತ್ಯಾಸ ಇರುವುದು ಬಾಡಿಯಲ್ಲಿ. ಇಟಲಿಯ ಟೂರಿನ್‌ನ ಘಿಯಾದವರು ರೂಪ ಕೊಟ್ಟು, ಜರ್ಮನಿಯ ಓಸ್ನಾಬ್ರುಕ್‌ನಲ್ಲಿ ಕಾರ್ಮನ್‌ನವರು 1955ರಿಂದ 1974ರ ತನಕ ಕಟ್ಟಿದ ಆ ಚಂದದ ಕಾರಿನ ಅಡಿಯಲ್ಲಿ ಕೂತಿರುವುದು ಬೀಟಲ್‌ನ ಗೇರ್‌ಬಾಕ್ಸ್, ಬೀಟಲ್‌ನ ಕ್ಲಚ್. ನಿಮ್ಮ ಪ್ರಶ್ನೆ ಓದುವಾಗ ನನ್ನ ಕಾರಿನ ಬಗ್ಗೆಯೇ ಯಾರೋ ಬರೆದ ಹಾಗಿತ್ತು.

ನಾನು ಉಡುಪಿಯವನು. ನನಗೂ ಶುರುವಾದದ್ದು ರಿವರ್ಸ್ ಗೇರಿನಿಂದಲೇ. ಈ ಕಾರುಗಳ ರಿವರ್ಸಿಗೆ ಸಿಂಕ್ರೋಮೆಶ್, ಅಂದರೆ ಗೇರು ಬೀಳುವ ಮೊದಲು ವೇಗ ಹೊಂದಿಸುವ ವ್ಯವಸ್ಥೆ, ಇಲ್ಲ. ಪೆಡಲ್ ಒತ್ತಿದಾಗ ಕ್ಲಚ್ ಎಂಜಿನ್‌ನಿಂದ ಪೂರ್ತಿ ಬೇರೆ ಆಗದಿದ್ದರೆ ಮೊದಲು ಕೂಗುವುದು ಅದೇ. ನನ್ನ ಮೆಕ್ಯಾನಿಕ್ ಹೇಳಿದ್ದು, "ಎಂತ ಇಲ್ಲ ಸಾರ್, ಕೇಬಲ್ ಎಳ್ದಿದೆ ಅಷ್ಟೆ. ಎರಡು ಸುತ್ತು ಕೊಟ್ರೆ ಆಯ್ತು." ಕೊಟ್ಟರು. ಸರಿಯಾಯಿತು. ಮತ್ತೆ ಹಾಳಾಯಿತು. ಆಮೇಲೆ ಅವರ ಹತ್ತಿರ ಹೋಗುವುದು ಯಾಕೆ ಅಂತ ನಾನೇ ಕಾರಿನ ಅಡಿಗೆ ಹೋಗಿ ತಿರುಗಿಸಲು ಶುರು ಮಾಡಿದೆ. ರಿವರ್ಸ್ ಶಬ್ದ ನಿಲ್ಲುವ ತನಕ ತಿರುಗಿಸುವುದು, ಅಷ್ಟೇ ಲೆಕ್ಕ. ಪೆಡಲ್ ಎಷ್ಟು ಕೆಳಗೆ ಹೋಗುತ್ತದೆ, ಮೇಲೆ ಎಷ್ಟು ಸಡಿಲ ಇದೆ, ಅಳೆದು ನೋಡಲೇ ಇಲ್ಲ. ಪೆಡಲಿಗೆ ಕಾಲು ಇಟ್ಟ ಕೂಡಲೇ ಗಟ್ಟಿ ಸಿಗುತ್ತಿತ್ತು. ಅದು ಒಳ್ಳೆಯ ಕ್ಲಚ್ಚಿನ ಲಕ್ಷಣ ಅಂತ ತಿಳಿದಿದ್ದೆ.

ಆಮೇಲೆ ಹೆಂಡತಿ, ಅತ್ತಿಗೆ ಜೊತೆ ಶೃಂಗೇರಿಗೆ ಹೊರಟೆವು. ಹೆಬ್ರಿ ದಾಟುವ ತನಕ ಏನೂ ಗೊತ್ತಾಗಲಿಲ್ಲ. ಸೋಮೇಶ್ವರ ಬಿಟ್ಟು ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಶಬ್ದ ಏರುತ್ತದೆ, ಕಾರು ಏರುವುದಿಲ್ಲ. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ ಅಂತ ನಿಮಗೆ ಗೊತ್ತಿರುತ್ತದೆ. ಪ್ರತಿ ತಿರುವಿನಲ್ಲೂ ಎದುರಿನ ಬಸ್ಸಿಗೆ ನಿಂತು, ಮತ್ತೆ ಏರಿನಲ್ಲೇ ಫಸ್ಟ್ ಗೇರಿನಲ್ಲಿ ಹೊರಡಬೇಕು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಹಿಂದೆ ಕೂತ ಅತ್ತಿಗೆ ಸೆರಗು ಮೂಗಿಗೆ ಹಿಡಿದುಕೊಂಡು, "ಬೆಂಕಿ ಹಿಡಿದಿದೆಯಾ ನೋಡಿ" ಅಂದರು. ಎಂಜಿನ್ ಹಿಂದೆ ಇರುವ ಕಾರು, ಅವರಿಗೆ ಹೆದರಿಕೆ ಆದದ್ದು ಸಹಜ. ಅಗಲ ಇದ್ದ ಒಂದು ಕಡೆ ಕಾರು ತಿರುಗಿಸಿ ಮೆಲ್ಲ ಮೆಲ್ಲ ಹೆಬ್ರಿಗೆ ಇಳಿದೆವು. ಎಂಜಿನ್ ಇಳಿಸಿ ನೋಡಿದಾಗ ಕ್ಲಚ್ ಪ್ಲೇಟ್ ಸುಟ್ಟು ಕರಿ ಆಗಿತ್ತು. ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಮೇಲೆ ನೀಲಿ ಕಲೆ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಗರಗರ. ಎಲ್ಲವೂ ಬದಲಾಯಿಸಬೇಕಾಯಿತು.

ಇದು ನನ್ನ ಕೈಯಿಂದಲೇ ಆದ ತಪ್ಪು. ಒಳಗೆ ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಅದೇ ದಾರಿಯಲ್ಲಿ ಇದ್ದೀರಿ. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವುದು ಪ್ರೆಷರ್ ಪ್ಲೇಟ್. ಪೆಡಲ್ ಮೇಲೆ ಕಾಲು ಇಲ್ಲದಾಗ ರಿಲೀಸ್ ಬೇರಿಂಗ್ ಅದನ್ನು ಮುಟ್ಟಬಾರದು. ಎರಡರ ಮಧ್ಯೆ ಸಣ್ಣ ಜಾಗ ಇರಲೇಬೇಕು. ಪೆಡಲಿನ ಮೇಲ್ಭಾಗದಲ್ಲಿ ಸಿಗುವ ಸಡಿಲ, ಅಂದರೆ ಪ್ಲೇ, ಆ ಜಾಗದ ಅಳತೆ. ಕೇಬಲ್ ಬಿಗಿ ಮಾಡಿದಷ್ಟೂ ಅದು ಕಡಿಮೆ ಆಗುತ್ತದೆ. ಪೂರ್ತಿ ಮುಗಿದರೆ ನೀವು ಕಾಲು ತೆಗೆದರೂ ಕ್ಲಚ್ ಪಾಲಿಗೆ ಯಾರೋ ಪೆಡಲನ್ನು ಸ್ವಲ್ಪ ಒತ್ತಿ ಹಿಡಿದಿದ್ದಾರೆ. ಬೇರಿಂಗ್ ಎಂಜಿನ್ ಓಡುವಷ್ಟು ಹೊತ್ತೂ ತಿರುಗುತ್ತಲೇ ಇರುತ್ತದೆ. ಪ್ರೆಷರ್ ಪ್ಲೇಟಿನ ಹಿಡಿತ ಸಡಿಲವಾಗಿ ಕ್ಲಚ್ ಪ್ಲೇಟ್ ಜಾರುತ್ತದೆ, ಜಾರಿದರೆ ಬಿಸಿ. ಬಿಸಿಯಾದರೆ ಇನ್ನೂ ಜಾರುತ್ತದೆ. ಊರೊಳಗೆ ಸಮತಟ್ಟು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ನಿಮಗೆ ಘಾಟಿ ತನಕ ಹೋಗುವ ಅಗತ್ಯವೂ ಇಲ್ಲ. ಕದ್ರಿ ಗುಡ್ಡದ ಏರು ಸಾಕು.

ಇನ್ನೂ ಒಂದು ವಿಷಯ. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟೆಲ್ಲ ಆಗುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಸವೆಯುತ್ತಾ ಹೋದರೆ ಪೆಡಲಿನ ಪ್ಲೇ ಜಾಸ್ತಿ ಆಗುವುದಿಲ್ಲ, ಕಡಿಮೆ ಆಗುತ್ತದೆ. ಪ್ಲೇಟ್ ತೆಳು ಆದ ಹಾಗೆ ಪ್ರೆಷರ್ ಪ್ಲೇಟಿನ ಬೆರಳುಗಳು ಬೇರಿಂಗ್ ಕಡೆಗೆ ಬರುತ್ತವೆ. ಹಾಗಾಗಿ ಸರಿಯಾಗಿ ಕೆಲಸ ಮಾಡುವ ಬೀಟಲ್‌ನಲ್ಲಿ ಕಾಲಕಾಲಕ್ಕೆ ಕೇಬಲನ್ನು ಸಡಿಲ ಮಾಡಬೇಕು. ನಿಮ್ಮ ಕಾರಿನಲ್ಲಿ ಪ್ರತಿ ಸಲ ಬಿಗಿ ಮಾಡಬೇಕಾಗಿ ಬರುತ್ತಿದೆ ಅಲ್ವಾ? ಅಂದರೆ ಪೆಡಲಿನಿಂದ ಗೇರ್‌ಬಾಕ್ಸ್ ತನಕ ಎಲ್ಲೋ ಒಂದು ಕಡೆ ಏನೋ ಸರಿಯುತ್ತಿದೆ, ಬಗ್ಗುತ್ತಿದೆ ಅಥವಾ ಹರಿಯುತ್ತಿದೆ. ಅದನ್ನು ಹುಡುಕದೆ ನಟ್ ತಿರುಗಿಸುವುದು ಅಡ್ಜಸ್ಟ್‌ಮೆಂಟ್ ಅಲ್ಲವೇ ಅಲ್ಲ.

ನನ್ನ ಕಾರಿನಲ್ಲಿ ಹೊಸ ಪ್ಲೇಟ್, ಹೊಸ ಬೇರಿಂಗ್, ಹೊಸ ಕೇಬಲ್ ಹಾಕಿದ ಮೇಲೂ ರಿವರ್ಸ್ ಕರಕರ ಅಂತ ವಾಪಸ್ ಬಂತು. ಕೊನೆಗೆ ಕಾಪು ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಸ್ಪ್ಯಾನರ್ ತೆಗೆಯಲೇ ಇಲ್ಲ. ಕಾರಿನ ಹಿಂಭಾಗ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟಾರ್ಚ್ ಹಿಡಿದು ಅಡಿಗೆ ಹೋದರು. "ಅಕ್ಕ, ನೀವು ಸ್ವಲ್ಪ ಕ್ಲಚ್ ಒತ್ತಿ... ಬಿಡಿ... ಇನ್ನೊಮ್ಮೆ" ಅಂತ ನನ್ನ ಹೆಂಡತಿಗೆ ಹೇಳಿದರು. ಆಮೇಲೆ ನನ್ನನ್ನು ಕರೆದರು. "ಇಲ್ಲಿ ನೋಡಿ ಸಾರ್, ಪೈಪೇ ಹೋಗ್ತಾ ಬರ್ತಾ ಉಂಟು."

ಅವರು ತೋರಿಸಿದ ಪೈಪು ಯಾವುದು ಅಂದರೆ, ಕಾರಿನ ನಡುವೆ ನೆಲದಲ್ಲಿ ಉದ್ದಕ್ಕೂ ಉಬ್ಬಿದ ಟನಲ್ ಇದೆಯಲ್ಲ, ಅದರೊಳಗೆ ಕ್ಲಚ್ ಕೇಬಲ್ ಒಂದು ಸಣ್ಣ ಉಕ್ಕಿನ ಪೈಪಿನಲ್ಲಿ ಓಡುತ್ತದೆ. ಆ ಪೈಪನ್ನು ಟನಲ್ಲಿಗೆ ವೆಲ್ಡ್ ಮಾಡಿರುತ್ತಾರೆ. ಹಿಂದೆ ಪೈಪು ಹೊರಬರುವ ಕಡೆಯಿಂದ ಗೇರ್‌ಬಾಕ್ಸಿನ ತನಕ ಬಾಗುವ ಒಂದು ಔಟರ್ ಇದೆ, ಬೌಡನ್ ಟ್ಯೂಬ್ ಅನ್ನುತ್ತಾರೆ. ಸೈಕಲ್ ಬ್ರೇಕ್ ನೆನಪು ಮಾಡಿಕೊಳ್ಳಿ. ಔಟರ್ ಅಲುಗದೆ ನಿಂತರೆ ಮಾತ್ರ ಒಳಗಿನ ತಂತಿ ಎಳೆದದ್ದು ಬ್ರೇಕಿಗೆ ಮುಟ್ಟುತ್ತದೆ. ವೆಲ್ಡ್ ಬಿಟ್ಟ ಪೈಪು ಪೆಡಲ್ ಒತ್ತಿದಾಗಲೆಲ್ಲ ಮುಂದೆ ಸರಿಯುತ್ತದೆ. ನಿಮ್ಮ ಕಾಲಿನ ಅರ್ಧ ಒತ್ತು ಅದಕ್ಕೇ ಖರ್ಚು. ಉಳಿದದ್ದು ಕ್ಲಚ್ ಬಿಡಿಸಲು ಸಾಲುವುದಿಲ್ಲ. ನಮ್ಮ ಕರಾವಳಿಯ ಉಪ್ಪು ಗಾಳಿ, ಮಳೆಗಾಲದ ಒದ್ದೆ, ಐವತ್ತು ಅರವತ್ತು ವರ್ಷ ಹಳೆಯ ತಗಡು. ವೆಲ್ಡ್ ಬಿಡದಿದ್ದರೇ ಆಶ್ಚರ್ಯ.

ಹಾಗಾಗಿ ನಿಮ್ಮ ಮೊದಲ ಕೆಲಸ ಇದೇ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಹಿಂದೆ ಆ ಪೈಪಿನ ತುದಿ ನೋಡಲಿ. ಬರೀ ಜಾಕ್ ಮೇಲೆ ನಿಲ್ಲಿಸಿ ಕಾರಿನ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಪೈಪು ಅಲುಗಿದರೆ ಕಾರಣ ಸಿಕ್ಕಿತು. ಟನಲ್ಲಿನಲ್ಲಿ ಸಣ್ಣ ಕಿಟಕಿ ಕೊಯ್ದು, ಪೈಪನ್ನು ಮತ್ತೆ ವೆಲ್ಡ್ ಮಾಡಿ, ಕಿಟಕಿ ಮುಚ್ಚಬೇಕು. ಒಂದು ಮಾತು ದಯವಿಟ್ಟು ಮರೆಯಬೇಡಿ. ಪೆಟ್ರೋಲ್ ಪೈಪು ಸಹ ಅದೇ ಟನಲ್ಲಿನೊಳಗೆ ಹೋಗುತ್ತದೆ. ಟ್ಯಾಂಕ್ ಖಾಲಿ ಮಾಡಿ, ಆ ಪೈಪಿನಲ್ಲಿ ಪೆಟ್ರೋಲ್ ಮತ್ತು ಅದರ ಆವಿ ಉಳಿಯದ ಹಾಗೆ ಮಾಡಿ, ಬ್ಯಾಟರಿ ಕಳಚಿದ ಮೇಲೆಯೇ ವೆಲ್ಡಿಂಗ್. ಗೇಟು ಗ್ರಿಲ್ ಮಾಡುವವರಿಗೆ ಇದು ಗೊತ್ತಿರುವುದಿಲ್ಲ. ಕಾರಿನ ಕೆಲಸ ಮಾಡಿ ಗೊತ್ತಿರುವವರಿಗೆ ಮಾತ್ರ ಕೊಡಿ, ನೀವೂ ಪಕ್ಕದಲ್ಲೇ ನಿಲ್ಲಿ.

ಪೈಪು ಗಟ್ಟಿ ಇದ್ದರೆ ಕೇಬಲನ್ನೇ ನೋಡಿ. ಎಳೆ ಒಂದೊಂದಾಗಿ ಹರಿಯುತ್ತಿದ್ದರೂ ಕೇಬಲ್ ಉದ್ದ ಆದ ಹಾಗೆ ಕಾಣುತ್ತದೆ. ಪೆಡಲಿನ ಹತ್ತಿರ ಅದು ಸಿಕ್ಕಿಕೊಳ್ಳುವ ಕೊಕ್ಕೆ ಸವೆದಿರಬಹುದು. ಗೇರ್‌ಬಾಕ್ಸಿನೊಳಗೆ ಬೇರಿಂಗನ್ನು ತಳ್ಳುವ ಅಡ್ಡ ಶಾಫ್ಟ್ ಬಿರುಕು ಬಿಟ್ಟಿರಬಹುದು, ಅದಕ್ಕೆ ಎಂಜಿನ್ ಇಳಿಸಲೇಬೇಕು. ಬೌಡನ್ ಟ್ಯೂಬ್ ಸ್ವಲ್ಪ ಕೆಳಗೆ ಬಾಗಿರಬೇಕು, 25ರಿಂದ 45 ಮಿ.ಮೀ. ನೇರ ಇದ್ದರೆ ಕಾರು ಹೊರಡುವಾಗ ಗಡಗಡ ನಡುಗುತ್ತದೆ. ಗೇರ್‌ಬಾಕ್ಸ್ ಕಡೆಯ ಬ್ರಾಕೆಟ್ಟಿನಲ್ಲಿ ವಾಶರ್ ಸೇರಿಸಿ ಬಾಗು ಹೆಚ್ಚಿಸಬಹುದು.

ಕಾರು ಇಡೀ ಮಳೆಗಾಲ ಶೆಡ್ಡಿನಲ್ಲಿ ನಿಂತಿದ್ದು, ಆಮೇಲೆ ಒಮ್ಮೆಲೇ ಯಾವ ಗೇರೂ ಬೀಳದಿದ್ದರೆ ಅದು ಬೇರೆ ಕಾಯಿಲೆ. ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿರುತ್ತದೆ. ನಿಮ್ಮದು ಬಿಗಿ ಮಾಡಿದರೆ ಸ್ವಲ್ಪ ದಿನ ಸರಿಯಾಗುತ್ತದೆ ಅಂದಿದ್ದೀರಿ, ಹಾಗಾಗಿ ಅದಲ್ಲ.

ಇಷ್ಟೆಲ್ಲ ಸರಿಯಾದ ಮೇಲೆ ನೀವು ಕೇಳಿದ ಅಳತೆ: ಪೆಡಲಿನ ಮೇಲ್ಭಾಗದಲ್ಲಿ 10ರಿಂದ 20 ಮಿ.ಮೀ. ಪ್ಲೇ. ಪೆಡಲ್ ಪಕ್ಕ ಸ್ಕೇಲ್ ಹಿಡಿದು, ಕೈಬೆರಳಿನಿಂದ ಒತ್ತಿ, ಗಟ್ಟಿ ಸಿಗುವ ಜಾಗದ ತನಕ ಅಳೆಯಿರಿ. ಕಾಲಿನಿಂದ ಒತ್ತಿದರೆ ಗೊತ್ತಾಗುವುದಿಲ್ಲ. ಎಡ ಹಿಂದಿನ ಚಕ್ರ ಬಿಚ್ಚಿದರೆ ಗೇರ್‌ಬಾಕ್ಸ್ ಪಕ್ಕದಲ್ಲಿ ಲಿವರ್, ಅದರ ತುದಿಯಲ್ಲಿ ಎರಡು ಕಿವಿಯ ವಿಂಗ್ ನಟ್ ಕಾಣುತ್ತದೆ. ಕೇಬಲಿನ ತುದಿ ತಿರುಚದ ಹಾಗೆ ಇಕ್ಕಳದಲ್ಲಿ ಹಿಡಿದುಕೊಂಡು ನಟ್ ತಿರುಗಿಸಿ. ಕೊನೆಗೆ ನಟ್ಟಿನ ಕಿವಿಗಳು ಲಿವರಿನ ಕುಳಿಯಲ್ಲಿ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಓಡಾಟದಲ್ಲಿ ತಾನೇ ತಿರುಗುತ್ತದೆ. ಪೆಡಲ್ ನಾಲ್ಕಾರು ಸಲ ಒತ್ತಿ ಮತ್ತೆ ಅಳೆಯಿರಿ. ಅಳತೆ ಸರಿ ಇದ್ದೂ ರಿವರ್ಸ್ ಕೂಗಿದರೆ ನಟ್ ಮುಟ್ಟಬೇಡಿ, ಕಾರಣ ಬೇರೆ ಕಡೆ ಇದೆ.

ಹೈಡ್ರಾಲಿಕ್ ಬೇಡ. ಮುರಿದ ಪೈಪಿನ ಗೊಡವೆಯೇ ಅದಕ್ಕಿಲ್ಲ, ನಿಜ. ಆದರೆ ಅಡ್ಡ ಶಾಫ್ಟ್ ಕಾರಣವಾಗಿದ್ದರೆ ಖರ್ಚು ಮಾಡಿಯೂ ಕರಕರ ಹೋಗುವುದಿಲ್ಲ. ಅದರ ಸೀಲ್ ಸೋರಿದರೆ ದಾರಿಯಲ್ಲಿ ನೀವೇ ಸರಿ ಮಾಡುವುದು ಕಷ್ಟ. ಕೇಬಲ್ ಹಾಗಲ್ಲ, ಒಂದು ಹೊಸದನ್ನು ಗ್ರೀಸ್ ಹಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಾರಿನಲ್ಲೇ ಇಟ್ಟುಕೊಳ್ಳಬಹುದು. ಹೆದ್ದಾರಿಯಲ್ಲಿ ಹರಿದರೂ ಫಸ್ಟ್ ಗೇರಿಗೆ ಹಾಕಿ ಸ್ಟಾರ್ಟರ್ ಹೊಡೆದರೆ ಕಾರು ಎದ್ದು ಹೊರಡುತ್ತದೆ, ಎಂಜಿನ್ ವೇಗ ನೋಡಿ ಗೇರ್ ಬದಲಾಯಿಸುತ್ತಾ ಮನೆ ಸೇರಬಹುದು. ಕೇಬಲ್ ಕೊಳ್ಳುವಾಗ ಒಂದು ಎಚ್ಚರ. ವರ್ಷಕ್ಕೆ ತಕ್ಕ ಹಾಗೆ, ಸ್ಟೀರಿಂಗ್ ಯಾವ ಕಡೆ ಇದೆ ಅನ್ನುವುದಕ್ಕೆ ತಕ್ಕ ಹಾಗೆ ಉದ್ದ ಬದಲಾಗುತ್ತದೆ. ಅಂಗಡಿಯವರ ಮಾತು ನಂಬಿ ತರಬೇಡಿ. ಹಳೆಯದನ್ನು ಬಿಚ್ಚಿಕೊಂಡು ಹೋಗಿ, ಪಕ್ಕಪಕ್ಕ ಇಟ್ಟು ನೋಡಿ ತಗೊಳ್ಳಿ.