ಶೀ-ರಾ ಮತ್ತು ಹಿಂದೆ ಉಳಿದ ಗೆಳತಿ: ಓದುಗರೊಬ್ಬರಿಗೆ ಉತ್ತರ

ದಾವಣಗೆರೆಯಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ಹೊಸ ‘ಶೀ-ರಾ’ ಕಾರ್ಟೂನ್ ಸರಣಿಯ ವಿಮರ್ಶೆ ಹಾಕಿದ್ದೆವಲ್ಲ, ಅದು ಅವರಿಗೆ ಒಂಚೂರೂ ಹಿಡಿಸಿಲ್ಲ. ಹಳೆಯ ಶೀ-ರಾ ನಿಜವಾದ ವೀರ ರಾಜಕುಮಾರಿ, ಹೊಸಬಳು ಮಾತೆತ್ತಿದರೆ ಕಣ್ಣೀರು ಹಾಕುವ ಹುಡುಗಿ ಅನ್ನುತ್ತಾರೆ. ಹಳೆಯದನ್ನು ‘ಗೊಂಬೆ ಮಾರುವ ಜಾಹೀರಾತು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಸಿಟ್ಟಾಗಿದ್ದಾರೆ. ಶೀ-ರಾ ಜೊತೆ ಬೆಳೆದು, ಆಮೇಲೆ ಶತ್ರುವಾಗಿ ಊರೂರು ಹಾಳುಮಾಡಿದ ಕ್ಯಾಟ್ರಾಳನ್ನು ಕೊನೆಯಲ್ಲಿ ಅಪ್ಪಿಕೊಳ್ಳೋದು ಯಾವ ಸೀಮೆ ನ್ಯಾಯ ಅಂತ ಕೇಳಿದ್ದಾರೆ. ಅದೂ ಸಾಲದು ಅಂತ ಇಬ್ಬರು ಹುಡುಗಿಯರ ಪ್ರೀತಿ ಬೇರೆ, ಅದನ್ನು ಹತ್ತು ವರ್ಷದ ಮಗಳ ಪಕ್ಕ ಕೂತು ಹೇಗೆ ನೋಡಲಿ ಅಂತಲೂ ಕೇಳಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಸರ್, ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹಳೆಯ ಸರಣಿಗೆ 65 ಕಂತು ಅಂತ ಅಚ್ಚಾಗಿತ್ತು. ನೀವು ಹೇಳಿದ್ದೇ ಸರಿ, ಒಟ್ಟು 93. 65 ಅನ್ನೋದು ಮೊದಲ ಸೀಸನ್ನಿನ ಲೆಕ್ಕ. ವಿಮರ್ಶೆ ಬರೆದವರು ನನ್ನ ಕಡೆ ನೋಡಿದರು, ನಾನು ಪ್ರೂಫ್ ನೋಡಿದವರ ಕಡೆ ನೋಡಿದೆ. ಪ್ರೂಫ್ ನೋಡಿದ್ದು ನಾನೇ.

ಜಾಹೀರಾತು ಅನ್ನುವ ಮಾತಿನ ಬಗ್ಗೆ ಮಾತ್ರ ನಿಮ್ಮ ಜೊತೆ ಸ್ವಲ್ಪ ಜಗಳ ಇದೆ. ಅದು ಬೈಗುಳ ಅಲ್ಲ, ನಡೆದ ಸಂಗತಿ. ಮ್ಯಾಟೆಲ್ ಕಂಪನಿ 1982ರಲ್ಲಿ ಹೀ-ಮ್ಯಾನ್ ಗೊಂಬೆಗಳನ್ನು ಮಾರುಕಟ್ಟೆಗೆ ತಂದಿತು, ಮಾರನೇ ವರ್ಷ ಫಿಲ್ಮೇಶನ್ ಸ್ಟುಡಿಯೋದ ಕಾರ್ಟೂನ್ ಬಂತು. ಗೊಂಬೆ ಮೊದಲು, ಕತೆ ಆಮೇಲೆ. ಅಮೆರಿಕದಲ್ಲಿ ರೇಗನ್ ಅಧ್ಯಕ್ಷರಾಗಿದ್ದ ಕಾಲ ಅದು, ಮಕ್ಕಳ ಟೀವಿ ಮೇಲಿದ್ದ ಕಟ್ಟುಪಾಡುಗಳನ್ನು ಸರ್ಕಾರವೇ ಸಡಿಲ ಮಾಡುತ್ತಿತ್ತು. ಹುಡುಗರು ಹೀ-ಮ್ಯಾನ್ ಕೊಂಡಾಯಿತು, ಇನ್ನು ಹುಡುಗಿಯರಿಗೂ ಒಂದು ಬೇಕು ಅಂತ 1985ರಲ್ಲಿ ಹೀ-ಮ್ಯಾನ್‌ಗೆ ಅವಳಿ ತಂಗಿಯೊಬ್ಬಳನ್ನು ಹುಟ್ಟಿಸಿದರು. ಆ ಗೊಂಬೆಗಳಿಗೆ ನಿಜವಾಗಿ ಬಾಚಬಹುದಾದ ಕೂದಲು ಇತ್ತು, ಜೊತೆಗೊಂದು ಪುಟ್ಟ ಬಾಚಣಿಗೆ. ಲೋಕ ಕಾಯುವ ಯೋಧೆಗೆ ಬಾಚಣಿಗೆ! ಕಾರ್ಟೂನು ಕೂಡ ದುಡ್ಡು ಉಳಿಸಿ ಮಾಡಿದ್ದು, ಅದೇ ಓಟ, ಅದೇ ನಗು, ಅದೇ ಕತ್ತಿ ಎತ್ತುವ ದೃಶ್ಯವನ್ನು ಕಂತಿನಿಂದ ಕಂತಿಗೆ ತಿರುಗಿಸಿ ತಿರುಗಿಸಿ ಹಾಕುತ್ತಿದ್ದರು.

ಹಾಗಂತ ಅದರಲ್ಲಿ ಜೀವ ಇರಲಿಲ್ಲ ಅಂತ ಅಲ್ಲ, ಅದು ವಿಮರ್ಶೆಯಲ್ಲಿ ಬರಬೇಕಿತ್ತು, ಬರಲಿಲ್ಲ. ಹೀ-ಮ್ಯಾನ್ ಅರಮನೆಯ ಕಡೆಯವನು, ಇರುವ ರಾಜ್ಯವನ್ನು ಕಾಯುವವನು. ಶೀ-ರಾ ಹಾಗಲ್ಲ. ಅವಳಿರುವ ಎಥೀರಿಯಾ ಗ್ರಹ ಆಗಲೇ ಶತ್ರುವಿನ ಕೈಸೇರಿದೆ, ಇವಳದು ಕಾಡಿನಲ್ಲಿ ಅಡಗಿಕೊಂಡು ಹೋರ್ಡ್ ಪಡೆಯ ವಿರುದ್ಧ ಬಂಡಾಯ ಹೂಡಿದ ಗುಂಪು. ಅಣ್ಣನ ಕತೆಗಿಂತ ತಂಗಿಯ ಕತೆಗೇ ಜಾಸ್ತಿ ತೂಕ ಇತ್ತು. ಅಂದಹಾಗೆ ಲೂ-ಕೀ ನಿಮಗೆ ನೆನಪಿದೆಯಾ? ಪ್ರತಿ ಕಂತಿನಲ್ಲೂ ಎಲ್ಲೋ ಮರದ ಸಂದಿಯಲ್ಲೋ ಕಲ್ಲಿನ ಹಿಂದೋ ಅವಿತಿರುತ್ತಿದ್ದ ಬಣ್ಣಬಣ್ಣದ ಪುಟಾಣಿ. ಕೊನೆಗೆ ಬಂದು ‘ನನ್ನನ್ನ ಕಂಡ್ರಾ?’ ಅಂತ ಕೇಳಿ, ಒಂದು ನೀತಿ ಹೇಳಿ ಹೋಗುತ್ತಿದ್ದ. ನೀತಿ ಯಾರಿಗೆ ಬೇಕಿತ್ತು, ಮಕ್ಕಳು ಕಾಯುತ್ತಿದ್ದದ್ದು ಅವನನ್ನು ಹುಡುಕೋಕೆ.

ನನ್ನದೂ ನಿಮ್ಮದೇ ಕತೆ ಸರ್. ದೂರದರ್ಶನದಲ್ಲಿ ಹೀ-ಮ್ಯಾನ್ ನೋಡಿ ಅಡಿಗೆಮನೆ ಪೊರಕೆ ಎತ್ತಿಕೊಂಡು ಹಿತ್ತಲಲ್ಲಿ ಕಿರುಚಿದವನೇ ನಾನು. ಪೊರಕೆ ಯಾವಾಗಲೂ ನನ್ನ ಕೈಲಿ. ತಂಗಿ ಯಾವಾಗಲೂ ಹೀ-ಮ್ಯಾನ್ ಸವಾರಿ ಮಾಡುವ ಹುಲಿ. ಮಂಡಿ ಊರಿ ನಡೆದು ನಡೆದು ಅವಳ ಫ್ರಾಕು ಹರಿದು ಅಮ್ಮನ ಕೈಲಿ ಏಟು ತಿಂದಿದ್ದೂ ಅವಳೇ. ನನಗೂ ಒಂದು ಸಲ ಪೊರಕೆ ಕೊಡೋ ಅಂತ ಕೇಳಿದ್ದಳು. ಹುಡುಗಿ ಹೀ-ಮ್ಯಾನ್ ಆಗಲ್ಲ ಕಣೇ ಅಂದಿದ್ದೆ. ಶೀ-ರಾ ಅನ್ನುವವಳು ಇದ್ದಾಳೆ ಅಂತ ನಮ್ಮಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಈಗ ಹೊಸದಕ್ಕೆ ಬರೋಣ. ಡ್ರೀಮ್‌ವರ್ಕ್ಸ್ ಮಾಡಿದ್ದು, ನೆಟ್‌ಫ್ಲಿಕ್ಸ್‌ನಲ್ಲಿ 2018ರ ನವೆಂಬರ್‌ನಲ್ಲಿ ಶುರುವಾಗಿ 2020ರ ಮೇನಲ್ಲಿ ಮುಗಿಯಿತು. ಐದು ಸೀಸನ್, 52 ಕಂತು. ಅದಕ್ಕೂ ಮುಂಚೆ 2018ರ ಜುಲೈನಲ್ಲಿ ಮೊದಲ ಚಿತ್ರ ಹೊರಬಿದ್ದಾಗಲೇ ದೊಡ್ಡ ಗಲಾಟೆ ಎದ್ದಿತ್ತು. ಶೀ-ರಾ ಹುಡುಗನ ತರ ಇದ್ದಾಳೆ, ಎದೆ ಇಲ್ಲ, ಸೊಂಟ ಇಲ್ಲ ಅಂತ ದೊಡ್ಡ ದೊಡ್ಡ ಗಂಡಸರು ಸಿಟ್ಟಾದರು. ಮಕ್ಕಳ ಕಾರ್ಟೂನಿನ ಹುಡುಗಿಯ ಬಗ್ಗೆ! ನೀವು ಆ ಮಾತು ಎತ್ತಿಲ್ಲ, ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟುದ್ದ ಉತ್ತರ.

ಬಟ್ಟೆ, ಮೈಕಟ್ಟು ಬದಲಾಯಿಸಿದ್ದು ನನಗೆ ದೊಡ್ಡ ವಿಷಯ ಅನಿಸಿಲ್ಲ. ಬದಲಾವಣೆ ಇರೋದು ಬೇರೆ ಕಡೆ. ಶೀ-ರಾ ಅಂದರೆ ಅಡೋರಾ ಅನ್ನುವ ಹುಡುಗಿ, ಕತ್ತಿ ಎತ್ತಿದಾಗ ಶೀ-ರಾ ಆಗುತ್ತಾಳೆ. ಹಳೆಯದರಲ್ಲಿ ಅಡೋರಾ ಹೋರ್ಡ್‌ನ ಸೇನಾಧಿಕಾರಿ ಆಗಿದ್ದದ್ದು ಹೇಗೆ? ಮಗುವಾಗಿದ್ದಾಗ ಕದ್ದು ತಂದರು, ಶ್ಯಾಡೋ ವೀವರ್ ಅನ್ನುವ ಮಾಟಗಾತಿ ಮಾಟ ಮಾಡಿ ಬುದ್ಧಿಗೆ ಮಂಕು ಕವಿಸಿದ್ದಳು. ಮಾಟ ಹರಿಯಿತು, ಒಳ್ಳೆಯವಳಾದಳು. ಅಲ್ಲಿಗೆ ಆಯಿತು. ಹೊಸದರಲ್ಲಿ ಮಾಟ ಇಲ್ಲ. ಸುಮ್ನೆ ಅವರ ನಡುವೆ ಬೆಳೆದಿದ್ದಾಳೆ ಅಷ್ಟೇ. ರಾಜಕುಮಾರಿಯರು ಅಂದರೆ ರಾಕ್ಷಸಿಯರು, ನಾವು ಲೋಕಕ್ಕೆ ಶಾಂತಿ ತರುವವರು ಅಂತ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದನ್ನು ನಂಬಿದ್ದಾಳೆ. ಎರಡನೇ ಕಂತಿನಲ್ಲಿ ಥೇಮೋರ್ ಅನ್ನುವ ಹಳ್ಳಿಯ ಹಬ್ಬಕ್ಕೆ ಹೋಗುತ್ತಾಳೆ. ಅವಳಿಗೆ ಹಬ್ಬ ಅಂದರೇನು ಅಂತಲೇ ಗೊತ್ತಿಲ್ಲ. ತಿನ್ನುತ್ತಾಳೆ, ಕುಣಿಯುತ್ತಾಳೆ, ಅಷ್ಟರಲ್ಲಿ ತನ್ನದೇ ಸೈನ್ಯದ ಟ್ಯಾಂಕುಗಳು ಅದೇ ಹಳ್ಳಿಯ ಮೇಲೆ ಗುಂಡು ಹಾರಿಸುತ್ತವೆ. ಟ್ಯಾಂಕಿನಿಂದ ಇಳಿಯುವವಳು ಕ್ಯಾಟ್ರಾ, ಬೆಕ್ಕಿನ ಕಿವಿ, ಬೆಕ್ಕಿನ ಬಾಲದವಳು, ಒಟ್ಟಿಗೆ ಬೆಳೆದ ಗೆಳತಿ. ಇವರು ನಮಗೆ ಇಷ್ಟು ದಿನ ಸುಳ್ಳು ಹೇಳಿದ್ದಾರೆ ಅಂತ ಅಡೋರಾ ಅಂದರೆ, ಕ್ಯಾಟ್ರಾ ನಗುತ್ತಾಳೆ. ನಿನಗೆ ಈಗ ಗೊತ್ತಾಯ್ತಾ ಅನ್ನುವ ಧಾಟಿ ಅವಳದು.

ಅಲ್ಲೇ ಇರೋದು ಕತೆ. ಅಡೋರಾಗೆ ಗೊತ್ತಿರಲಿಲ್ಲ, ಏಕೆಂದರೆ ಅವಳಿಗೆ ಏಟು ಬೀಳುತ್ತಿರಲಿಲ್ಲ. ಕ್ಯಾಟ್ರಾಗೆ ಮೊದಲಿನಿಂದಲೂ ಗೊತ್ತಿತ್ತು, ಏಕೆಂದರೆ ಎಲ್ಲಾ ಏಟೂ ಅವಳಿಗೇ ಬೀಳುತ್ತಿತ್ತು.

ಮೊದಲ ಸೀಸನ್ನಿನ ಹನ್ನೊಂದನೇ ಕಂತನ್ನು ನಾನು ಮೂರು ಸಲ ನೋಡಿದ್ದೇನೆ. ಇಬ್ಬರೂ ಒಂದು ಹಳೆಯ ಕೋಟೆಯೊಳಗೆ ಸಿಕ್ಕಿಕೊಳ್ಳುತ್ತಾರೆ, ಅದು ಅವರ ಬಾಲ್ಯವನ್ನೇ ಅವರ ಕಣ್ಣೆದುರು ತಂದು ನಿಲ್ಲಿಸುತ್ತದೆ. ಪುಟ್ಟ ಮಕ್ಕಳಿಬ್ಬರು ಹೋಗಬಾರದ ಕೋಣೆಗೆ ನುಗ್ಗಿದ್ದಾರೆ. ಅವರನ್ನು ಬೆಳೆಸಿದ ಶ್ಯಾಡೋ ವೀವರ್ ಬಂದವಳೇ ಕ್ಯಾಟ್ರಾಳನ್ನು ಮಂತ್ರದಿಂದ ಅಲ್ಲಾಡದಂತೆ ಹಿಡಿದು ನಿಲ್ಲಿಸುತ್ತಾಳೆ. ಮಗು ನಡುಗುತ್ತಿದೆ. ಅಡೋರಾ ಅಡ್ಡ ಬರುತ್ತಾಳೆ, ತಪ್ಪು ನನ್ನದೂ ಇದೆ ಅನ್ನುತ್ತಾಳೆ. ಆಗ ಆ ಹೆಂಗಸಿನ ದನಿ ಬೆಣ್ಣೆಯಾಗುತ್ತದೆ, ಇನ್ನು ಮೇಲೆ ಇವಳನ್ನು ಅಂಕೆಯಲ್ಲಿಡೋದು ನಿನ್ನ ಕೆಲಸ ಅಂತ ಅಡೋರಾಗೆ ಹೇಳುತ್ತಾಳೆ. ಒಬ್ಬಳಿಗೆ ಮುದ್ದು, ಒಬ್ಬಳಿಗೆ ಪೆಟ್ಟು, ಮುದ್ದಿನವಳ ಕೈಗೇ ಇನ್ನೊಬ್ಬಳ ಮೂಗುದಾರ. ಇಂಥ ಮನೆ ನಾವು ಕಂಡಿಲ್ಲವಾ ಸರ್? ಕಂತಿನ ಕೊನೆಯಲ್ಲಿ ಅಡೋರಾ ಪ್ರಪಾತದ ಅಂಚಿನಲ್ಲಿ ನೇತಾಡುತ್ತಿರುತ್ತಾಳೆ. ಕ್ಯಾಟ್ರಾ ಕೈ ಕೊಡುವುದಿಲ್ಲ, ಬೀಳಲು ಬಿಟ್ಟು ಹೋಗುತ್ತಾಳೆ. ನೋಡುವವರಿಗೆ ಸಿಟ್ಟೂ ಬರುತ್ತದೆ, ಅವಳು ಯಾಕೆ ಹಾಗೆ ಮಾಡಿದಳು ಅಂತಲೂ ಗೊತ್ತಿರುತ್ತದೆ.

ಇದನ್ನು ಬರೆಸಿದ ಎನ್.ಡಿ. ಸ್ಟೀವನ್‌ಸನ್ ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ, ಕಟ್ಟಾ ಸಂಪ್ರದಾಯದ ಕ್ರೈಸ್ತ ಕುಟುಂಬದಲ್ಲಿ ಬೆಳೆದವರು. ಸರಣಿ ಶುರುವಾದಾಗ ಅವರಿಗೆ ಇನ್ನೂ ಮೂವತ್ತೂ ಆಗಿರಲಿಲ್ಲ. ಬೆಳೆಸಿದ ಜಾಗ ಬಿಟ್ಟು ಹೊರಡುವ ಕಷ್ಟ ಈ ಸರಣಿಯಲ್ಲಿ ಇಷ್ಟು ನಿಜವಾಗಿ ಬಂದಿರೋದಕ್ಕೂ ಅದಕ್ಕೂ ಸಂಬಂಧ ಇರಬಹುದು ಅಂತ ನನಗನಿಸುತ್ತದೆ, ಅಷ್ಟೇ.

ಹೊಸ ಶೀ-ರಾ ಅಳುತ್ತಾಳೆ ಅಂದಿರಿ. ಹೌದು, ಅಳುತ್ತಾಳೆ. ಆದರೆ ಕತ್ತಿಯ ವಿಷಯ ನೀವು ಬಿಟ್ಟೇಬಿಟ್ಟಿರಿ, ನೀವು ನಾಲ್ಕನೇ ಸೀಸನ್ ಪೂರ್ತಿ ನೋಡಿದ್ದೀರೋ ಇಲ್ಲವೋ ಅಂತ ನನಗೆ ಗುಮಾನಿ. ಹಳೆಯದರಲ್ಲಿ ಕತ್ತಿಯೇ ಎಲ್ಲ, ಕತ್ತಿ ಎತ್ತಿದರೆ ಶಕ್ತಿ. ಅಂಗಡಿಯಲ್ಲಿ ಮಾರುವುದೂ ಅದನ್ನೇ ತಾನೇ. ಹೊಸದರಲ್ಲಿ ತಿಳಿಯುವುದೇನೆಂದರೆ, ಆ ಕತ್ತಿಯನ್ನು ಬಹಳ ಹಿಂದೆ ಆ ಗ್ರಹದಲ್ಲಿ ನೆಲೆಸಿದ್ದ ಜನ ಮಾಡಿಟ್ಟಿದ್ದೇ ಶೀ-ರಾಳ ಶಕ್ತಿಯನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳೋಕೆ. ಇಡೀ ಎಥೀರಿಯಾ ಗ್ರಹವನ್ನೇ ಅವರು ಆಯುಧ ಮಾಡಿದ್ದಾರೆ, ಅದು ಸಿಡಿಯಬೇಕಾದರೆ ಶೀ-ರಾ ಕತ್ತಿ ಹಿಡಿದು ನಿಲ್ಲಬೇಕು. ಅಡೋರಾ ಏನು ಮಾಡುತ್ತಾಳೆ? ಕತ್ತಿಯನ್ನೇ ಮುರಿದು ಹಾಕುತ್ತಾಳೆ. ಅಲ್ಲಿಂದ ಎಷ್ಟೋ ಕಂತು ಬರಿಗೈ ಹುಡುಗಿ. ಗೊಂಬೆ ಮಾರಲು ಹುಟ್ಟಿದ ಕತೆ ತನ್ನ ಮುಖ್ಯ ಗೊಂಬೆಸಾಮಾನನ್ನೇ ಮುರಿದು ಬಿಸಾಕಿತು. ನನಗೆ ಸಖತ್ ಖುಷಿಯಾಯಿತು.

ಕ್ಯಾಟ್ರಾಳ ಕ್ಷಮೆಯ ಪ್ರಶ್ನೆಯಲ್ಲಿ ನಿಮಗೆ ಅರ್ಧ ಗೆಲುವು ಕೊಡುತ್ತೇನೆ. ಅವಳು ಮಾಡಿದ್ದು ಸಣ್ಣಪುಟ್ಟದ್ದಲ್ಲ. ಮೂರನೇ ಸೀಸನ್ನಿನಲ್ಲಿ ಲೋಕವೇ ಹರಿದುಹೋಗುತ್ತದೆ ಅಂತ ಗೊತ್ತಿದ್ದೂ ಯಂತ್ರದ ಹಿಡಿ ಎಳೆಯುತ್ತಾಳೆ. ಅದನ್ನು ಸರಿಮಾಡಲು ಹೋಗಿ ಅಡೋರಾಳ ಬಂಡಾಯದ ಗೆಳತಿ ಗ್ಲಿಮ್ಮರ್‌ಳ ತಾಯಿ, ರಾಣಿ ಆಂಜೆಲಾ, ವಾಪಸ್ ಬರಲೇ ಇಲ್ಲ. (ಆಂಜೆಲಾಗೆ ದನಿ ಕೊಟ್ಟಿದ್ದು ರೇಶ್ಮಾ ಶೆಟ್ಟಿ. ಹೆಸರು ಕಂಡು ನಾನು ರಿಮೋಟ್ ಒತ್ತಿ ನಿಲ್ಲಿಸಿ ಇನ್ನೊಮ್ಮೆ ಓದಿದೆ.) ಅದೇ ಗ್ಲಿಮ್ಮರ್ ಐದನೇ ಸೀಸನ್ನಿನಲ್ಲಿ ಕ್ಯಾಟ್ರಾ ಜೊತೆ ಒಂದೇ ಆಕಾಶನೌಕೆಯಲ್ಲಿ ಓಡಾಡುತ್ತಾಳೆ, ಆದರೆ ತಾಯಿಯ ಮಾತನ್ನು ನೆಟ್ಟಗೆ ಎದುರಿಟ್ಟು ಕೇಳುವ ಒಂದು ದೃಶ್ಯ ಇಲ್ಲ. ಅದು ಬರವಣಿಗೆಯ ಮೈಗಳ್ಳತನ, ಕಷ್ಟದ ಕಡೆ ಕಾಲು ಹಿಂದೆ ಎಳೆದುಕೊಂಡಿದ್ದಾರೆ. ಹೋರ್ಡ್ ಪಡೆಯ ಒಡೆಯ ಹೋರ್ಡಾಕ್‌ನಿಗೆ ಸಿಕ್ಕ ಮಾಫಿಯಂತೂ ಇನ್ನೂ ಅಗ್ಗ. ಎರಡನೇ ಸೀಸನ್ ಸಪ್ಪೆ ಅಂತ ನೀವು ಬರೆದದ್ದನ್ನೂ ಒಪ್ಪುತ್ತೇನೆ.

ಉಳಿದ ಅರ್ಧ ಕೊಡಲ್ಲ. ಅಪ್ಪಿಕೊಂಡಿದ್ದು ಸುಮ್ಮನೆ ಆಗಿಲ್ಲ. ನಾಲ್ಕನೇ ಸೀಸನ್ ಪೂರ್ತಿ ಕ್ಯಾಟ್ರಾ ಗೆಲ್ಲುತ್ತಾ ಹೋಗುತ್ತಾಳೆ, ಗೆದ್ದಷ್ಟೂ ಒಂಟಿಯಾಗುತ್ತಾಳೆ. ಸ್ಕಾರ್ಪಿಯಾ ಅಂತ ಒಬ್ಬಳು, ಕೊಕ್ಕೆಗೈಯ ಭಾರೀ ಹೆಣ್ಣು, ಹಸುವಿನಂಥ ಮನಸ್ಸು. ಎಷ್ಟು ಬೈಸಿಕೊಂಡರೂ ಜೊತೆಗಿದ್ದವಳು. ಅವಳೂ ಒಂದು ದಿನ ಎದ್ದು ಹೋಗುತ್ತಾಳೆ, ನೀನು ಒಳ್ಳೆಯ ಗೆಳತಿಯಲ್ಲ ಅಂತ ಹೇಳಿಯೇ ಹೋಗುತ್ತಾಳೆ. ಐದನೇ ಸೀಸನ್ನಿನಲ್ಲಿ ಕ್ಯಾಟ್ರಾ ಮೊದಲ ಬಾರಿಗೆ ತನಗೆ ಏನೂ ಲಾಭವಿಲ್ಲದ ಕೆಲಸ ಮಾಡುತ್ತಾಳೆ, ಗ್ಲಿಮ್ಮರ್‌ಳನ್ನು ಹೋರ್ಡಾಕನಿಗೂ ಮೇಲಿನವನಾದ ಹೋರ್ಡ್ ಪ್ರೈಮ್‌ನ ಆಕಾಶನೌಕೆಯಿಂದ ಪಾರುಮಾಡಿ ತಾನು ಅಲ್ಲೇ ಸಿಕ್ಕಿಬೀಳುತ್ತಾಳೆ. ಅಡೋರಾಗೆ ಕ್ಷಮೆ ಕೇಳುವುದು ಆಗ, ಸತ್ತೇಹೋಗುತ್ತೇನೆ ಅಂತ ಅಂದುಕೊಂಡಾಗ. ಆಮೇಲೂ ನೆಟ್ಟಗಾಗುವುದಿಲ್ಲ, ಸಿಡುಕುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳಿಗೆ ಶಿಕ್ಷೆ ಆಗಬೇಕಿತ್ತು ಅನ್ನುತ್ತೀರಿ. ಶಿಕ್ಷೆ ಅವಳಿಗೆ ಚಿಕ್ಕಂದಿನಲ್ಲೇ ಶುರುವಾಗಿತ್ತಲ್ಲ ಸರ್, ತಪ್ಪು ಆಮೇಲೆ ಬಂತು.

ಇಬ್ಬರ ಪ್ರೀತಿಯ ಬಗ್ಗೆ. ಕೊನೆಯ ಕಂತಿನಲ್ಲಿ ಒಂದು ಮುತ್ತು ಇದೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ನಮ್ಮ ಯಾವುದೇ ಸಿನಿಮಾ ಹಾಡಿಗಿಂತ ಮರ್ಯಾದಸ್ಥ ದೃಶ್ಯ. ಅದನ್ನು ಸುಮ್ಮನೆ ಕೊನೆಗೆ ಅಂಟಿಸಿಯೂ ಇಲ್ಲ, ಮೊದಲ ಕಂತಿನಿಂದ ಅವರಿಬ್ಬರ ಜಗಳ ಎಲ್ಲಾ ಅದರ ಸುತ್ತಲೇ. ನೆಟೋಸ್ಸಾ, ಸ್ಪಿನರೆಲ್ಲಾ ಅನ್ನುವ ಇಬ್ಬರು ರಾಜಕುಮಾರಿಯರು ದಂಪತಿ, ಬೋ ಅನ್ನುವ ಹುಡುಗನಿಗೆ ಇಬ್ಬರು ಅಪ್ಪಂದಿರು, ಇದನ್ನು ಅಲ್ಲಿ ಯಾರೂ ವಿಶೇಷ ಅಂತ ಎತ್ತಿ ಆಡುವುದಿಲ್ಲ. ಮಗಳು ಕೇಳಿದರೆ, ಅವರಿಗೆ ಅವರು ಇಷ್ಟ ಕಣಮ್ಮ ಅನ್ನಿ. ಹತ್ತು ವರ್ಷದವರಿಗೆ ಅಷ್ಟು ಉತ್ತರ ಸಾಕಾಗುತ್ತದೆ. ಸಾಕಾಗದೆ ಇರೋದು ನಮಗೆ.

ಮಗಳಿಗೆ ತೋರಿಸಬೇಕೋ ಬೇಡವೋ ನಿಮ್ಮ ಇಷ್ಟ. ತೋರಿಸುವುದಾದರೆ ಮೊದಲಿನಿಂದ ಶುರುಮಾಡಿ, ಮಧ್ಯದಿಂದ ಬೇಡ. ಮೊದಲ ಮೂರು ನಾಲ್ಕು ಕಂತು ತೀರಾ ಚಿಕ್ಕ ಮಕ್ಕಳದ್ದು ಅನಿಸುತ್ತದೆ, ಮಾತಾಡುವ ಕುದುರೆ ಬೇರೆ ಇದೆ, ಸಹಿಸಿಕೊಳ್ಳಿ. ಹನ್ನೊಂದಕ್ಕೆ ಬಂದಾಗ ಒಟ್ಟಿಗೆ ಕೂತು ನೋಡಿ. ಆಮೇಲೆ ಯಾರದು ಸರಿ ಅಂತ ಅವಳನ್ನೇ ಕೇಳಿ, ಅವಳು ಏನಂದಳು ಅಂತ ನನಗೆ ಬರೆಯಿರಿ.

ನನ್ನ ತಂಗಿಗೂ ಆ ಕಂತನ್ನು ಕಳಿಸಿದ್ದೆ. ಎರಡು ದಿನ ಬಿಟ್ಟು ಉತ್ತರ ಬಂತು: ‘ಬೆಕ್ಕಿನವಳದೇ ಸರಿ. ನನ್ನ ಪೊರಕೆ ಎಲ್ಲಿ?’