ನಾನೂರು ಮನೆಗಳು ಸಾಕೇ?

ಪ್ರಿಯ ಓದುಗರೇ,

ನಿಮ್ಮ ತಾಲ್ಲೂಕಿನ ರೈತ ಕುಟುಂಬಗಳ ಸಾಲದ ಕುರಿತು ಪ್ರಬಂಧ ಬರೆಯಲು 20 ಹಳ್ಳಿಗಳಲ್ಲಿ ತಲಾ 20 ಮನೆಗಳನ್ನು ವಿಚಾರಿಸಿದರೆ ಸಾಕೇ, ಗಣಿತದಲ್ಲಿ ಅಷ್ಟಾಗಿ ಪಳಗದವರು ಮಾದರಿ ಸಮೀಕ್ಷೆಯನ್ನು ಎಲ್ಲಿಂದ ಕಲಿಯಬೇಕು ಎಂದು ಕೇಳಿದ್ದೀರಿ.

ಇಡೀ ತಾಲ್ಲೂಕಿನ ಪಟ್ಟಿಯಿಂದ 400 ಮನೆಗಳನ್ನು ಚೀಟಿ ಎತ್ತಿ ಆರಿಸಿದರೆ, ಸಾಲಗಾರರ ಶೇಕಡಾವಾರು ಅಂದಾಜು ನೂರರಲ್ಲಿ ಸುಮಾರು 95 ಸಲ ನಿಜಸಂಖ್ಯೆಯಿಂದ 5 ಅಂಶಗಳೊಳಗೇ ಇರುತ್ತದೆ. ಆ ಅಂತರ ಅರ್ಧಕ್ಕಿಳಿಯಬೇಕಾದರೆ 1,600 ಮನೆಗಳು ಬೇಕು. ಆದರೆ ನಿಮ್ಮ ಯೋಜನೆ ಬೇರೆ. ಒಂದೇ ಹಳ್ಳಿಯವರಿಗೆ ಮಳೆಯೂ ಒಂದೇ, ಸಹಕಾರ ಸಂಘವೂ ಬಹುಪಾಲು ಒಂದೇ ಆಗಿರುವುದರಿಂದ ನೆರೆಹೊರೆಯವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಈ ಹೋಲಿಕೆಯ ಪ್ರಮಾಣ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಹಳ್ಳಿಯವರೆಲ್ಲರ ಉತ್ತರವೂ ಒಂದೇ) 0.05ರಷ್ಟಿದ್ದರೂ ನಿಮ್ಮ 400 ಮನೆಗಳು ಚೀಟಿ ಎತ್ತಿದ ಸುಮಾರು 205 ಮನೆಗಳಿಗಷ್ಟೇ ಸಮ. 40 ಹಳ್ಳಿಗಳಲ್ಲಿ ತಲಾ 10 ಮನೆ ನೋಡಿದರೆ ಅದು 276ಕ್ಕೆ ಏರುತ್ತದೆ. ಓಡಾಟ ಹೆಚ್ಚಾದರೂ ಹಾಗೆಯೇ ಮಾಡಿ ಎಂಬುದು ನನ್ನ ಒತ್ತಾಯ.

ಸಂಖ್ಯೆ ಹೆಚ್ಚಿಸಿದರೂ ಕರಗದ ತಪ್ಪು ಇನ್ನೊಂದಿದೆ. ಹೊಲದ ಒಂದು ತಾಕನ್ನು ಕೊಯ್ದು ತೂಗಿ ಇಳುವರಿ ಅಂದಾಜಿಸುವ ನಮ್ಮ ಬೆಳೆ ಕಟಾವು ಪ್ರಯೋಗಗಳ ಚರಿತ್ರೆಯೇ ಅದಕ್ಕೆ ಉತ್ತಮ ಪಾಠ. ಇಳುವರಿಯ ಅಂದಾಜಿಗೆ ಚಿಕ್ಕ ತಾಕುಗಳನ್ನು ಕೊಯ್ದರೆ ಸಾಕೆಂದು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ನಂಬಿದ್ದರು, ಚಿಕ್ಕ ತಾಕಿನಲ್ಲಿ ಗೆರೆಯ ಮೇಲಿನ ಗಿಡಗಳೂ ಒಳಗೆ ಸೇರಿಕೊಂಡು ಇಳುವರಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆಂದು ಮತ್ತೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ತೋರಿಸಿದರು. ಅಂಥ ಸಾವಿರ ತಾಕುಗಳನ್ನು ಕೊಯ್ದರೂ ಸರಾಸರಿ ಅದೇ ಕಡೆಗೆ ವಾಲುತ್ತದೆ. ಇಂದಿಗೂ ಸರ್ವೆ ನಂಬರನ್ನೂ ಹೊಲದೊಳಗಿನ ತಾಕನ್ನೂ ಯಾದೃಚ್ಛಿಕ (ಚೀಟಿ ಎತ್ತಿದಂತೆ ಸಿಗುವ) ಸಂಖ್ಯೆಗಳಿಂದಲೇ ಗುರುತಿಸುವುದು, ಸಿಬ್ಬಂದಿಯ ಕಣ್ಣು ಸೊಂಪಾದ ಪೈರಿನತ್ತ ಹೋಗದಿರಲೆಂದು. ಸಾಧ್ಯವಾದರೆ ಒಂದು ಪ್ರಯೋಗವನ್ನು ಹೊಲದಲ್ಲೇ ನಿಂತು ನೋಡಿ.

ಕಲಿಕೆಯನ್ನು ಸೂತ್ರಗಳಿಂದ ಆರಂಭಿಸಬೇಡಿ. ಆರು ಮನೆಗಳ ಸಾಲದ ಮೊತ್ತವನ್ನು ಕಾಗದದ ಮೇಲೆ ಬರೆದುಕೊಂಡು, ಎರಡೆರಡು ಮನೆಗಳ ಎಲ್ಲ 15 ಜೋಡಿಗಳ ಸರಾಸರಿ ತೆಗೆಯಿರಿ. ಆ 15 ಸರಾಸರಿಗಳ ಸರಾಸರಿ ಆರು ಮನೆಗಳ ನಿಜ ಸರಾಸರಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ಬಿಡಿ ಜೋಡಿಗಳು ಮಾತ್ರ ಅತ್ತಿತ್ತ ಚದುರಿರುತ್ತವೆ. ಆ ಚದುರುವಿಕೆಯನ್ನು ಅಳೆಯುವುದೇ ಈ ಶಾಸ್ತ್ರದ ಮುಖ್ಯ ಕೆಲಸ. ಬಳಿಕ ಅದೇ ಮನೆಗಳನ್ನು ನೀರಾವರಿ, ಖುಷ್ಕಿ ಎಂದು ವಿಂಗಡಿಸಿ, ಪ್ರತಿ ಗುಂಪಿನಿಂದ ಒಂದೊಂದನ್ನು ಆರಿಸಿ ನೋಡಿ. ಗುಂಪುಗಳ ಸಾಲ ಒಂದಕ್ಕೊಂದು ದೂರವಿದ್ದಷ್ಟೂ ಚದುರುವಿಕೆ ತಗ್ಗುವುದು ನಿಮ್ಮ ಕೈಬರಹದಲ್ಲೇ ಕಾಣುತ್ತದೆ.

ಕೊನೆಯದಾಗಿ, ಆರಿಸಿದ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಯನ್ನು ಬರೆದುಕೊಳ್ಳಬೇಡಿ. ಬೀಗ ಹಾಕಿದ ಮನೆಯವರು ಕೂಲಿಗೆ ಹೋಗಿರಬಹುದು ಅಥವಾ ಗುಳೆ ಹೋಗಿರಬಹುದು. ಸಾಲದ ಹೊರೆ ಹೆಚ್ಚಿರುವುದು ಅಂಥವರ ಮೇಲೆಯೇ ಇರಬಹುದು. ಸಂಜೆ ಮತ್ತೆ ಹೋಗಿ, ಆಗಲೂ ಸಿಗದಿದ್ದರೆ ಇನ್ನೊಂದು ದಿನ ಹೋಗಿ, ಸಿಗದ ಮನೆಗಳೆಷ್ಟು ಎಂಬುದನ್ನು ಪ್ರಬಂಧದಲ್ಲಿ ದಾಖಲಿಸಿ.

— ಸಂಪಾದಕ